ಮೊದಲ ಗುಂಡು ಯಾರದು

ತಿಕೋಟಾದಲ್ಲಿ ಆಗ ಇಬ್ಬರು ಹುಸೇನಸಾಬರಿದ್ದರು. ಒಬ್ಬನದು ಕಿರಾಣಿ ಅಂಗಡಿ. ಸಭ್ಯ ಮನುಷ್ಯ, ಅವನ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಇನ್ನೊಬ್ಬ ಪಿಂಜಾರ ಹುಸೇನಸಾಬ. ಹಗಲು ಘೋಣಸಗಿ, ಹೊನವಾಡ, ಅರಕೇರಿ ಎಂದು ಊರೂರು ತಿರುಗಿ ಅರಳೆ ಹಿಂಜಿ ಗಾದಿ ತುಂಬುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಗುರಲಿಂಗಪ್ಪನ ಟೂರಿಂಗ್ ಟಾಕೀಸಿಗೆ ಬಂದು, ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂತು, ಮೈಕು ಹಿಡಿದು, ತೆರೆಯ ಮೇಲೆ ನಡೆಯುವುದನ್ನೆಲ್ಲ ಜನರಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಕನ್ನಡ ಸಿನೆಮಾ ಇದ್ದಾಗ ಅವನಿಗೆ ರಜೆ. ಹಿಂದಿಯದೋ ವಿಲಾಯತಿಯದೋ ಬಂದರೆ ಅವನಿಲ್ಲದೆ ಆಟವೇ ಇಲ್ಲ.

ಹಿಂದಿ ಅವನಿಗೆ ಅಷ್ಟಿಷ್ಟು ಬರುತ್ತಿತ್ತು. ಇಂಗ್ಲಿಷು 'ಹ್ಯಾಂಡ್ಸ್ ಅಪ್' ದಾಟಿ ಮುಂದೆ ಹೋಗಿರಲಿಲ್ಲ. ಆದರೆ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೆರೆಯ ಮೇಲಿನ ಬಿಳಿಯರಿಗೆ ನಮ್ಮ ಕಡೆಯ ಸಂಬಂಧಗಳನ್ನು ಹಚ್ಚಿ, ಇವ ಸೋದರಮಾವ, ಅವ ಬೀಗ, ಅಕಿ ನಾದಿನಿ ಎಂದು ಹೇಳಿಬಿಟ್ಟರೆ ಜನ ತೃಪ್ತರಾಗುತ್ತಿದ್ದರು. ಕೆಲವೊಮ್ಮೆ ರೀಲು ಹಿಂದುಮುಂದಾಗಿ, ಸತ್ತವನು ಮತ್ತೆ ಎದ್ದು ಬಂದು ಚಹಾ ಕುಡಿಯುತ್ತಿದ್ದ. ಅದಕ್ಕೂ ಹುಸೇನಸಾಬನ ಹತ್ತಿರ ಒಂದು ಸಿದ್ಧ ಉತ್ತರವಿತ್ತು: "ಇವ ಸತ್ತಾಂವ ಅಲ್ರಿ, ಸತ್ತಾಂವನ ತಮ್ಮ." ಜನ ಹೌದಲ್ಲ ಎಂದು ತಲೆದೂಗುತ್ತಿದ್ದರು.

ಮಾಲೀಕ ಗುರಲಿಂಗಪ್ಪ ಅವನಿಗೆ ಮೊದಲ ದಿನವೇ ಒಂದು ಕಟ್ಟಪ್ಪಣೆ ಮಾಡಿದ್ದ.

"ಹುಸೇನಸಾಬ, ನಿನಗ ತಿಳದದ್ದು ಹೇಳು, ತಿಳೀಲಿಲ್ಲಂದ್ರ ಹುಟ್ಟಿಸಿ ಹೇಳು. ಆದ್ರ ಮೈಕಿನ್ಯಾಗ 'ಗೊತ್ತಿಲ್ಲ' ಅಂತ ಮಾತ್ರ ಅನಬ್ಯಾಡ. ಅಂದ ದಿನ ಮೈಕ ಕೆಳಗಿಟ್ಟು ಮನಿಗೆ ನಡಿ."

ಎಂಟು ವರ್ಷ ಹುಸೇನಸಾಬ ಆ ಮಾತನ್ನು ಮೀರಿರಲಿಲ್ಲ. ಮೈಕಿನಲ್ಲಿ ಅವನಿಗೆ ಗೊತ್ತಿಲ್ಲದ್ದು ಜಗತ್ತಿನಲ್ಲಿ ಇರಲಿಲ್ಲ.

ಮೈಕಿನಾಚೆ ಮಾತ್ರ ಒಮ್ಮೆ 'ಗೊತ್ತಿಲ್ಲ' ಅಂದಿದ್ದ. ಅದೇ ಅವನನ್ನು ಹತ್ತು ವರ್ಷದಿಂದ ತಿನ್ನುತ್ತಿತ್ತು.

ಅವನಿಗೊಬ್ಬ ಅಣ್ಣ, ಸೈಫುದ್ದೀನ. ಅಪ್ಪ ಬಿಟ್ಟುಹೋದ ಒಂದೇ ಬಿಲ್ಲಿನಲ್ಲಿ ಇಬ್ಬರೂ ದುಡಿಯುತ್ತಿದ್ದರು. ಪಿಂಜಾರರ ಬಿಲ್ಲು ನೋಡದವರಿಗೆ ಹೇಳುತ್ತೇನೆ: ಆಳುದ್ದದ ಮರದ ಬಿಲ್ಲು, ಅದಕ್ಕೆ ಕುರಿಯ ಕರುಳಿನಿಂದ ಹೊಸೆದ ತಂತಿ. ಬಿಲ್ಲನ್ನು ಅರಳೆಯ ಮೇಲೆ ತೂಗುಬಿಟ್ಟು, ತಂತಿಗೆ ಮರದ ಹಿಡಿಯಿಂದ ಬಡಿದರೆ, ಅರಳೆ ಎಳೆಎಳೆಯಾಗಿ ಹಾರಿ ಬೀಳುತ್ತದೆ. ತಂತಿ ಸಡಿಲಾದರೆ ಅರಳೆ ಹಾರುವುದಿಲ್ಲ, ತುದಿಯ ಗಂಟು ಬಿಚ್ಚಿ ಒಂದು ಸುತ್ತು ಬಿಗಿಯಬೇಕು. ಎಷ್ಟು ಬಿಗಿಯಬೇಕು ಎನ್ನುವುದನ್ನು ಅಣ್ಣನೇ ನೋಡಿಕೊಳ್ಳುತ್ತಿದ್ದ. ಗಾದಿ ಹೊಲಿಯುವುದು ತಮ್ಮನ ಕೆಲಸ.

ಹೊನವಾಡದ ಶಿವಶರಣಪ್ಪಗೌಡರ ಮನೆಯಲ್ಲಿ ಮದುವೆಯ ಗಾದಿ ತುಂಬಲು ಹೋಗಿದ್ದರು. ಮೊದಲ ದಿನ ಸಂಜೆ ಅಣ್ಣ ನಮಾಜಿಗೆ ಕೂತಾಗ, ತಂತಿ ಸಡಿಲಾಗಿದೆ ಅನ್ನಿಸಿ ಹುಸೇನಸಾಬ ತಾನೇ ಒಂದು ಸುತ್ತು ಬಿಗಿದ. ಹೇಳಿದರೆ ಬೈಯುತ್ತಾನೆಂದು ಹೇಳಲಿಲ್ಲ. ಮರುದಿನ ಸೈಫುದ್ದೀನ ಮೂರನೆಯ ಏಟು ಹಾಕುತ್ತಿದ್ದಂತೆ ತಂತಿ ಹರಿದು ಹಾರಿ, ಅವನ ಎಡಗಣ್ಣಿನ ಕೆಳಗೆ ಸೀಳಿತು. ಹಿಂಜಿದ ಅರಳೆಯೆಲ್ಲ ಕೆಂಪಾಯಿತು. ಮುಖದ ಮೇಲೆ ಕೈಯಿಟ್ಟುಕೊಂಡೇ ಸೈಫುದ್ದೀನ ಕೇಳಿದ:

"ಯಾರ ಬಿಗಿದ್ರಲೇ ಇದನ್ನ?"

"ನಂಗೊತ್ತಿಲ್ಲ" ಅಂದ ಹುಸೇನಸಾಬ.

ಅಲ್ಲಿದ್ದವರು ಇಬ್ಬರೇ. ನಿನಗೆ ಗೊತ್ತಿಲ್ಲದಿದ್ದರೆ ಮತ್ತೆ ಗೌಡರ ಎಮ್ಮೆ ಬಿಗಿಯಿತೇ ಎಂದು ಅಣ್ಣ ಕೂಗಾಡಿದ. ನೀನೇ ಕೈಯಾರೆ ಬಿಗಿದು ನನ್ನ ಮೇಲೆ ಹಾಕುತ್ತೀಯಾ ಎಂದು ತಮ್ಮನೂ ಏರಿಹೋದ. ಮಾತು ಸತ್ತ ಅಪ್ಪನವರೆಗೆ ಹೋಯಿತು. ಅದೇ ವಾರ ಪಾಲಾದರು. ಎಂಥ ಪಾಲು ನೋಡಿ: ಅಣ್ಣ ಬಿಲ್ಲು ಒಯ್ದ, ತಮ್ಮ ಹಿಡಿ ಇಟ್ಟುಕೊಂಡ. ಹಿಡಿಯಿಲ್ಲದ ಬಿಲ್ಲು, ಬಿಲ್ಲಿಲ್ಲದ ಹಿಡಿ. ಇಬ್ಬರೂ ಇಲ್ಲದ್ದನ್ನು ಹೊಸದಾಗಿ ಮಾಡಿಸಿಕೊಂಡರೇ ಹೊರತು ಒಬ್ಬರನ್ನೊಬ್ಬರು ಕೇಳಲಿಲ್ಲ. ಸೈಫುದ್ದೀನ ಹೆಂಡತಿ ರಹಿಮಾಬಿಯನ್ನು ಕರೆದುಕೊಂಡು ಬಬಲೇಶ್ವರಕ್ಕೆ ಹೋಗಿ ನೆಲೆಸಿದ. ಹತ್ತು ವರ್ಷ ಅವನ ಮುಖ ಇವನು ನೋಡಲಿಲ್ಲ, ಇವನ ಮುಖ ಅವನು ನೋಡಲಿಲ್ಲ.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಹುಸೇನಸಾಬನ ಮಗಳು ಸಬೀರಾಳ ನಿಕಾಹ ಗೊತ್ತಾಯಿತು. ಅವರ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಮಗಳ ಮದುವೆಯ ಗಾದಿಗೆ ಅರಳೆ ಹಿಂಜುವವನು ಮನೆಯ ಹಿರಿಯ. ಬೇರೆ ಯಾರೂ ಮುಟ್ಟುವಂತಿಲ್ಲ. ಹುಸೇನಸಾಬ ತಾನೇ ಹಿಂಜಿಬಿಡೋಣ ಎಂದುಕೊಂಡಿದ್ದ. ಸಬೀರಾ ಬಿಡಲಿಲ್ಲ. ಎಂಟು ವರ್ಷದವಳಿದ್ದಾಗ ದೊಡ್ಡಪ್ಪನ ಹೆಗಲ ಮೇಲೆ ಕೂತು ಹೊನವಾಡದ ಸಂತೆ ನೋಡಿದವಳು ಅವಳು.

"ದೊಡ್ಡಪ್ಪ ಬಂದು ಹಿಂಜಲಿಲ್ಲಂದ್ರ ನಾ ಆ ಗಾದಿ ಮ್ಯಾಲೆ ಕೂಡಂಗಿಲ್ಲ ಯಪ್ಪಾ. ಮದಿವಿ ದಿನ ನೆಲದ ಮ್ಯಾಲೆ ಕೂಡತೇನಿ. ಬೀಗರು ನೋಡ್ಲಿ" ಅಂದಳು.

"ಅಕಿ ಹೇಳೂದರಾಗ ತಪ್ಪೇನೈತ್ರಿ?" ಎಂದು ಹೆಂಡತಿ ಮಾಬುಬಿ ಮಗಳ ಕಡೆಯೇ ನಿಂತಳು. "ಹೋಗಿ ಕರದು ಬರ್ರಿ. ನಿಮ್ಮಣ್ಣ ಏನ ಹುಲಿ ಅಲ್ಲ."

ಹುಲಿಯಾಗಿದ್ದರೆ ಹುಸೇನಸಾಬ ಹೋಗುತ್ತಿದ್ದನೋ ಏನೋ. ಹೋದರೆ ಅಣ್ಣ ಮೊದಲು ಕೇಳುವ ಪ್ರಶ್ನೆ ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಗುರಲಿಂಗಪ್ಪ ಟೆಂಟು ಕಿತ್ತು ಬಬಲೇಶ್ವರದಲ್ಲಿ ಹಾಕಿಸಿದ. ನಿಕಾಹಕ್ಕೆ ಇನ್ನು ಹತ್ತು ದಿನ. ಬುಧವಾರದಿಂದ ಶನಿವಾರದವರೆಗೆ ಕನ್ನಡ ಸಿನೆಮಾ. ಹುಸೇನಸಾಬನಿಗೆ ಕೆಲಸವಿಲ್ಲ, ಹಗಲೆಲ್ಲ ಬಿಡುವು. ಮೂರು ದಿನದಲ್ಲಿ ಮೂರು ಸಲ ಅಣ್ಣನ ಓಣಿಗೆ ಹೋದ. ಒಂದು ದಿನ ಓಣಿಯ ಬಾಯಿಂದ ತಿರುಗಿದ. ಇನ್ನೊಂದು ದಿನ ಬಾಗಿಲು ಕಂಡು ತಿರುಗಿದ. ಮೂರನೆಯ ದಿನ ಕಟ್ಟೆಯ ಹತ್ತಿರವೇ ಹೋಗಿ ನಿಂತುಬಿಟ್ಟ. ಒಳಗಿಂದ ಬಿಲ್ಲಿನ ಸದ್ದು ಬರುತ್ತಿತ್ತು, ಅಪ್ಪನ ಬಿಲ್ಲಿನದೇ. ಆಗ ಅತ್ತಿಗೆ ರಹಿಮಾಬಿ ಹೊರಗೆ ಬಂದಳು. ಇವನನ್ನು ನೋಡಿದಳು. ಒಂದು ಮಾತಾಡದೆ ಒಳಗೆ ಹೋಗಿ, ಒಂದು ತಂಬಿಗೆ ನೀರು ತಂದು ಕಟ್ಟೆಯ ಮೇಲಿಟ್ಟು ಮತ್ತೆ ಒಳಗೆ ಹೋದಳು.

ಆ ನೀರು ತನಗೋ, ಕಟ್ಟೆಗೆ ಕಟ್ಟಿದ್ದ ಆಡಿಗೋ ಎಂಬುದು ಹುಸೇನಸಾಬನಿಗೆ ತಿಳಿಯಲಿಲ್ಲ. ಕುಡಿದರೆ ಆಡಿನ ನೀರು ಕುಡಿದಂತಾದೀತು, ಕುಡಿಯದಿದ್ದರೆ ಅತ್ತಿಗೆಯ ಮರ್ಯಾದೆ ಕಳೆದಂತಾದೀತು. ಆಡು ಅವನನ್ನು ನೋಡಿತು, ಅವನು ಆಡನ್ನು ನೋಡಿದ. ಕೊನೆಗೆ ತಂಬಿಗೆ ಮುಟ್ಟದೆ ಟೆಂಟಿಗೆ ವಾಪಸು ಬಂದ.

ರವಿವಾರಕ್ಕೆ ವಿಲಾಯತಿ ಸಿನೆಮಾ. ಅದರ ಪ್ರಿಂಟು ವಿಜಾಪುರದ ಒಂದು ಟಾಕೀಸಿನಲ್ಲಿ ಬೆಳಗಿನ ಆಟ ಮುಗಿಸಿಕೊಂಡು ಇವರ ಕೈಗೆ ಬರಬೇಕಾಗಿತ್ತು. ಹೀಗೆ ಪ್ರಿಂಟು ತರಲು ಹೋದಾಗ ಅಲ್ಲೇ ಒಂದು ಸಲ ಸಿನೆಮಾ ನೋಡಿಕೊಂಡು ಕತೆ ಹಿಡಿದುಕೊಳ್ಳುವುದು ಹುಸೇನಸಾಬನ ರೂಢಿ. ಅವತ್ತು ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರಾಯಿತು. ಅವನು ಟಾಕೀಸು ಮುಟ್ಟುವಷ್ಟರಲ್ಲಿ ಮೊದಲ ರೀಲು ಮುಗಿದಿತ್ತು. ಕತ್ತಲಲ್ಲಿ ತಡಕಾಡಿ ಕೂತು ತಲೆಯೆತ್ತಿದರೆ, ತೆರೆಯ ಮೇಲೆ ಒಂದು ದೊಡ್ಡ ಗೋದಾಮು, ಅದರೊಳಗೆ ಹದಿನಾಲ್ಕು ಮಂದಿ ಬಂದೂಕು ಹಿಡಿದು ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದರು.

ಮುಗಿದೀತು, ಕತೆ ಶುರುವಾದೀತು ಎಂದು ಅವನು ಕಾದ. ಮುಗಿಯಲಿಲ್ಲ. ಒಂದೂವರೆ ತಾಸು ಅದೇ ಗೋದಾಮು, ಅದೇ ಗುಂಡು. ಹಾಡಿಲ್ಲ, ಕುಣಿತವಿಲ್ಲ, ತಾಯಿಯಿಲ್ಲ. ಬಿಳಿ ಕೋಟಿನವನು ಕಾಲಿಗೆ ಗುಂಡು ತಿಂದೂ ಕೋಟಿಗೆ ಧೂಳಾಯಿತೆಂದು ಝಾಡಿಸಿಕೊಳ್ಳುತ್ತಿದ್ದ. ಒಬ್ಬ ದಪ್ಪನೆಯವನ ಕಟ್ಟಿಸಿದ ಹಲ್ಲು ಉದುರಿ ಬಿದ್ದವು. ಎರಡೂ ಕಡೆಯವರು ಗುಂಡು ನಿಲ್ಲಿಸಿ, ಹಲ್ಲು ಹುಡುಕಿ, ಅವನಿಗೆ ಕೊಟ್ಟು, ಅವನು ಹಾಕಿಕೊಂಡ ಮೇಲೆ ಅವನಿಗೇ ಹೊಡೆದರು. ಜನ ನಗುತ್ತಿದ್ದರು. ನಗುವುದೋ ಬಿಡುವುದೋ ಹುಸೇನಸಾಬನಿಗೆ ತಿಳಿಯಲಿಲ್ಲ.

ಅವನಿಗೆ ಕತೆ ಹತ್ತದಿರಲು ಇನ್ನೊಂದು ಕಾರಣವಿತ್ತು. ಆ ಗೋದಾಮಿನ ತುಂಬ ಹತ್ತಿಯ ಅಂಡಿಗೆಗಳು. ಗುಂಡು ಬಿದ್ದಾಗಲೆಲ್ಲ ಅಂಡಿಗೆ ಒಡೆದು ಅರಳೆ ಮೇಲೆ ಹಾರುತ್ತಿತ್ತು. ಅಂಥ ಉದ್ದ ಎಳೆಯ, ಹಾಲಿನ ಬಣ್ಣದ ಅರಳೆ ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಇಂಥ ಅರಳೆಯಲ್ಲಿ ಸಬೀರಾಳ ಗಾದಿ ತುಂಬಿದರೆ ಎಂದು ಯೋಚಿಸುತ್ತ ಕೂತ. ಯಾರು ಯಾರಿಗೆ ಹೊಡೆದರೆಂದು ನೋಡಲು ಅವನಿಗೆ ಪುರುಸೊತ್ತೇ ಆಗಲಿಲ್ಲ.

"ಯಾವ ಕಡಿಯವರು ಒಳ್ಳೇವ್ರು ಅಣ್ಣಾರ?" ಎಂದು ಪಕ್ಕದವನನ್ನು ಕೇಳಿದ.

"ಯಾರಿಗಿ ಗೊತ್ರಿ. ನಾ ಎರಡನೇ ಸಲ ನೋಡಾಕತ್ತೇನಿ" ಅಂದ ಆತ.

ಕೊನೆಯ ರೀಲು ಓಡುವಾಗ, ಪ್ರಿಂಟು ಕೊಡುವ ಗುಮಾಸ್ತ ಅಬ್ದುಲಸಮದ ಬಂದು ಅವನ ಭುಜ ತಟ್ಟಿ ಹೊರಗೆ ಕರೆದ. ಎರಡು ಗಂಟೆಯ ಬಸ್ಸು ತಪ್ಪಿದರೆ ಬಬಲೇಶ್ವರದಲ್ಲಿ ಆಟವಿಲ್ಲ, ಮುಗಿದ ಡಬ್ಬಿಗಳನ್ನು ಪೆಟ್ಟಿಗೆಗೆ ಹೊಂದಿಸು ಎಂದು ಅವಸರ ಮಾಡಿದ. ಹೀಗೆ ಹುಸೇನಸಾಬ ಆ ಸಿನೆಮಾದ ಮೊದಲನ್ನೂ ನೋಡಲಿಲ್ಲ, ಕೊನೆಯನ್ನೂ ನೋಡಲಿಲ್ಲ.

"ಡಬ್ಬಿ ಮ್ಯಾಲೆ ನೀಲಿ ಖಡುವಿಲೆ ನಂಬರ ಬರದೇನಿ. ಒಂದರಿಂದ ಏಳು. ರೀಲಿನ ತುದಿಗೆ ನಂಬರ ಉಳದಿಲ್ಲ, ಹರದು ಹರದು ಅಂಟಿಸ್ಯಾರ. ಅದಕ್ಕ ಡಬ್ಬಿ ನೋಡೇ ಹಾಕ್ರಿ" ಎಂದು ಅಬ್ದುಲಸಮದ ಎರಡೆರಡು ಸಲ ಹೇಳಿದ.

ಪೇಟೆಯಲ್ಲಿ ಮಗಳ ಗಾದಿಗೆಂದು ಒಂದು ಗಂಟು ಅರಳೆ ಕೊಂಡು, ಪೆಟ್ಟಿಗೆಯನ್ನೂ ಗಂಟನ್ನೂ ಬಸ್ಸಿನ ಮೇಲೆ ಹಾಕಿಸಿ ಹುಸೇನಸಾಬ ಹೊರಟ. ಪೆಟ್ಟಿಗೆಯ ಮುಚ್ಚಳ ಮುರಿದಿತ್ತು. ದಾರಿಯುದ್ದಕ್ಕೂ ಕೆಂಧೂಳು. ಬಬಲೇಶ್ವರದಲ್ಲಿ ಇಳಿಸಿದಾಗ ಡಬ್ಬಿಗಳ ಮೇಲೆ ಬೆರಳು ಹೂತುಹೋಗುವಷ್ಟು ಧೂಳಿತ್ತು. ಪಿಂಜಾರನ ಕೈ, ಅದು ಸುಮ್ಮನಿದ್ದೀತೆ? ಧೂಳು ಕಂಡಲ್ಲಿ ಒಂದು ಹಿಡಿ ಅರಳೆ ತೆಗೆದು ಒರೆಸುವುದು ಅವನಿಗೆ ಉಸಿರಾಡಿದಷ್ಟೇ ಸಹಜ. ಸಬೀರಾಳನ್ನು ನೆನೆಸುತ್ತ, ಅದೇ ಗಂಟಿನ ಅರಳೆಯಿಂದ ಏಳೂ ಡಬ್ಬಿಗಳನ್ನು ಲಕಲಕ ಹೊಳೆಯುವಂತೆ ಒರೆಸಿ, ಆಪರೇಟರ್ ರಾಮಲಿಂಗನ ಮುಂದೆ ಸಾಲಾಗಿ ಇಟ್ಟ.

"ನಂಬರ ಎಲ್ಲಿ ಅದಾವೋ ಮಾರಾಯಾ?" ಅಂದ ರಾಮಲಿಂಗ.

ಹುಸೇನಸಾಬ ಕೈಯಲ್ಲಿದ್ದ ಅರಳೆ ನೋಡಿಕೊಂಡ. ನೀಲಿ ಸೀಮೆಸುಣ್ಣದ ಏಳೂ ನಂಬರು ಅದರಲ್ಲಿದ್ದವು.

ಇನ್ನು ಆಟಕ್ಕೆ ಅರ್ಧ ತಾಸು. ರಾಮಲಿಂಗ ಒಂದೊಂದೇ ರೀಲಿನ ತುದಿ ಎಳೆದು ದೀಪಕ್ಕೆ ಹಿಡಿದು ನೋಡಿದ. ಎಲ್ಲದರಲ್ಲೂ ಬಂದೂಕು, ಎಲ್ಲದರಲ್ಲೂ ಗೋದಾಮು. ಒಂದರಲ್ಲಿ ಮಾತ್ರ ಬೇರೆ. ಅದೇ ಹದಿನಾಲ್ಕು ಮಂದಿ ಕಾರಿನಿಂದ ಇಳಿದು, ನಗುನಗುತ್ತ ಕೈ ಕುಲುಕಿ, ಅಪ್ಪಿಕೊಳ್ಳುತ್ತಿದ್ದರು.

"ಸಿಕ್ಕಿತು! ಕೈ ಕುಲುಕೂದು, ಅಪ್ಪಿಕೊಳ್ಳೂದು ಕಡೀಕೇ ಇರತೈತಿ. ಇದು ಏಳನೇದು. ಉಳದ ಆರೂ ಹೊಡದಾಟ. ಯಾವುದು ಮೊದಲಾದ್ರೇನು? ನೀ ಅದೀಯಲ್ಲ, ಹೊಂದಿಸಿ ಹೇಳು" ಅಂದ ರಾಮಲಿಂಗ.

ಮೊದಲ ರೀಲು ನೋಡಿರದ ಹುಸೇನಸಾಬನಿಗೆ ಅದು ಸರಿಯೆಂದೇ ಕಂಡಿತು.

ಟೆಂಟು ತುಂಬಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನೆಲದ ಮೇಲೆ ಒತ್ತೊತ್ತಾಗಿ. ಹೆಂಗಸರ ಸಾಲಿನ ಮುಂದೆ ಶೇಂಗಾ ಮಾರುವ ಹುಚ್ಚವ್ವ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಿನೆಮಾದಲ್ಲಿ ಸಂಬಂಧ ಬಿಡಿಸಿ ಹೇಳದಿದ್ದರೆ ಅವಳು ಬಿಡುತ್ತಿರಲಿಲ್ಲ. ದೀಪ ಆರಿತು. ಹುಸೇನಸಾಬ ಮೈಕು ಊದಿದ.

ಮೊದಲ ರೀಲಿನಲ್ಲೇ ಕರಿ ಟೊಪ್ಪಿಗೆಯವನು ಎದೆಗೆ ಗುಂಡು ಬಿದ್ದು ಅರಳೆಯ ಮೇಲೆ ಒರಗಿದ. "ಪಾಪ, ಒಳ್ಳೆ ಮನಶ್ಯಾ ಇದ್ದಾರಿ, ಸತ್ತಾ" ಅಂದ ಹುಸೇನಸಾಬ. ಹೆಂಗಸರು ಲೊಚಗುಟ್ಟಿದರು. ಎರಡನೆಯ ರೀಲಿನಲ್ಲಿ ಕರಿ ಟೊಪ್ಪಿಗೆಯವನು ಗಟ್ಟಿಮುಟ್ಟಾಗಿ ನಿಂತು ಸಿಗರೇಟು ಹಚ್ಚುತ್ತಿದ್ದ. "ಇವ ಸತ್ತಾಂವನ ತಮ್ಮ. ಸುದ್ದಿ ಕೇಳಿ ಓಡಿ ಬಂದಾನ." ಅದೇ ರೀಲಿನ ಕೊನೆಗೆ ಬಿಳಿ ಕೋಟಿನವನು ಸತ್ತ. ಮೂರನೆಯದರಲ್ಲಿ ಅವನೂ ಎದ್ದ. "ಇವ ಬಿಳಿ ಕೋಟಿನವನ ತಮ್ಮ." ನಾಲ್ಕನೆಯದರಲ್ಲಿ ಕರಿ ಟೊಪ್ಪಿಗೆ ಮತ್ತೆ ಹೆಣವಾಗಿ ಬಿದ್ದಿದ್ದ, ಹಲ್ಲಿನ ದಪ್ಪನೆಯವನು ಸತ್ತ. ಐದರಲ್ಲಿ ಮೂವರೂ ಬದುಕಿ, ದಪ್ಪನೆಯವನ ಹಲ್ಲು ಹುಡುಕುತ್ತಿದ್ದರು. ಯಾರು ಯಾರ ತಮ್ಮನೆಂದು ಹುಸೇನಸಾಬನಿಗೇ ಮರೆತುಹೋಗಿತ್ತು.

ಹುಚ್ಚವ್ವ ಎದ್ದು ನಿಂತಳು.

"ಏ ಹುಸೇನಸಾಬಾ, ಎಷ್ಟ ತಮ್ಮಂದಿರನ್ನ ಹಡದಾಳೋ ಆ ತಾಯಿ? ಬಿಡಿಸಿ ಹೇಳು. ಈ ಬಿಳಿ ಕೋಟ ಮತ್ತ ಕರಿ ಟೊಪಿಗಿ, ಇವರು ಒಬ್ರಿಗೊಬ್ರು ಏನಾಗಬೇಕು?"

"ಇವ್ರು... ಒಟ್ಟಾರೆ ಇವ್ರಿಬ್ರೂ ಅಣ್ಣ ತಮ್ಮ ಬೇ" ಎಂದುಬಿಟ್ಟ ಹುಸೇನಸಾಬ. "ಬಿಳಿ ಕೋಟಿನವ ಅಣ್ಣ. ಕರಿ ಟೊಪಿಗಿ ತಮ್ಮ."

"ಒಬ್ಬ ತಾಯಿ ಮಕ್ಕಳು ಹಿಂಗ ಹೊಡದಾಡತಾರ? ಯಾತರ ಸಂಬಂಧ?"

ಆರನೆಯ ರೀಲು ಓಡತೊಡಗಿತ್ತು. ತೆರೆಯ ತುಂಬ ಅರಳೆ ಹಾರುತ್ತಿತ್ತು. ಅರಳೆಯ ನಡುವೆ ಇಬ್ಬರು ಒಬ್ಬರ ಎದೆಗೊಬ್ಬರು ಬಂದೂಕು ಹಿಡಿದು ನಿಂತಿದ್ದರು. ಹುಸೇನಸಾಬನಿಗೆ ಒಂದು ಕ್ಷಣ ತಾನೆಲ್ಲಿದ್ದೇನೆಂದೇ ತಿಳಿಯಲಿಲ್ಲ. ಅದು ಹೊನವಾಡದ ಗೌಡರ ಪಡಸಾಲೆಯಂತೆ ಕಂಡಿತು.

"ಅರಳಿ ಸಂಬಂಧ ಬೇ" ಅಂದ. "ಇಬ್ರೂ ಕೂಡಿ ಅರಳಿ ಹಿಂಜತಿದ್ರು. ಒಂದು ದಿನ ತಂತಿ ಹರೀತು. ಅಣ್ಣನ ಮಾರಿಗೆ ಬಡೀತು. ಯಾರ ಬಿಗಿದ್ರು ಯಾರ ಬಿಗಿದ್ರು ಅಂತ ಜಗಳ ಹತ್ತಿತು. ಇನ್ನೂ ಮುಗದಿಲ್ಲ."

ಜನ ಮುಖ ಮುಖ ನೋಡಿಕೊಂಡರು. ಬಂದೂಕಿನ ಸಿನೆಮಾದಲ್ಲಿ ತಂತಿ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯಲಿಲ್ಲ. ಗಂಡಸರ ಕಡೆಯಿಂದ ಯಾರೋ ಕೂಗಿದರು:

"ಅದೆಲ್ಲ ಇರ್ಲಿ, ಮೊದಲ ಗುಂಡ ಯಾರ ಹೊಡದ್ರು? ಅದನ್ನ ಹೇಳು!"

"ಹೌದ್ಹೌದು, ತಪ್ಪ ಯಾರದು?" ಅಂದಳು ಹುಚ್ಚವ್ವ.

ನಂಗೊತ್ತಿಲ್ಲ. ಮಾತು ನಾಲಗೆಯ ತುದಿಯವರೆಗೆ ಬಂತು. ಹೊನವಾಡದಲ್ಲಿ ಎಷ್ಟು ಸಲೀಸಾಗಿ ಬಂದಿತ್ತೋ ಅಷ್ಟೇ ಸಲೀಸಾಗಿ ಬಂತು. ಆದರೆ ಕೈಯಲ್ಲಿ ಮೈಕಿತ್ತು. ಬಾಗಿಲಲ್ಲಿ ಗುರಲಿಂಗಪ್ಪ ಕೈಕಟ್ಟಿ ನಿಂತಿದ್ದ. ಎಂಟು ವರ್ಷದಲ್ಲಿ ಈ ಮೈಕಿನಲ್ಲಿ ಅವನು ಆ ಮಾತು ಆಡಿರಲಿಲ್ಲ. ಹುಟ್ಟಿಸಿ ಹೇಳೋಣವೆಂದರೆ ಏನೂ ಹುಟ್ಟಲಿಲ್ಲ. ಇದ್ದದ್ದೊಂದೇ ಹೊರಗೆ ಬಂತು.

"ತಮ್ಮಂದ್ರಿ" ಅಂದ. "ತಪ್ಪ ತಮ್ಮಂದು. ಅಣ್ಣ ನಮಾಜಿಗೆ ಕುಂತಾಗ ತಮ್ಮನೇ ಒಂದು ಸುತ್ತ ಬಿಗಿದಿದ್ದ. ಅಣ್ಣ ಕೇಳಿದಾಗ ಗೊತ್ತಿಲ್ಲಂದ. ಗೊತ್ತಿತ್ರಿ ಅವಗ. ಹತ್ತು ವರ್ಷ ಗೊತ್ತಿತ್ತು."

ವಿಲಾಯತಿ ಸಾಹೇಬರು ಯಾವಾಗ ನಮಾಜಿಗೆ ಕೂತರು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ, ಯಾಕೆಂದರೆ ಹೇಳುವವನು ಅಳುತ್ತಿದ್ದ. ಆಗ ಹಿಂದಿನ ಸಾಲಿನ ಕತ್ತಲಿಂದ ಒಂದು ದನಿ ಬಂತು.

"ಸುಳ್ಳ ಹೇಳತಾನ ಅಂವ!"

ಆ ದನಿ ಹುಸೇನಸಾಬನಿಗೆ ಗೊತ್ತಿತ್ತು.

"ಅರ್ಧಾ ಹೇಳ್ಯಾನ" ಅಂದಿತು ದನಿ. "ಅಣ್ಣನೂ ಒಂದು ಸುತ್ತ ಬಿಗಿದಿದ್ದ. ಮರುದಿನ ಮುಂಜಾನೆ, ತಮ್ಮ ಮಾರಿ ತೊಳೀಲಾಕ ಹೋದಾಗ. ತನ್ನ ಸುತ್ತಿಗೇ ಹರೀತು ಅಂತ ತಿಳದಿದ್ದ. ಕಸಬಿನ್ಯಾಗ ಹಿರ್ಯಾ, ಹೆಂಗ ಒಪ್ಪಿಕೊಳ್ಳಬೇಕು? ಅದಕ್ಕ ಮೊದಲ ತಾನೇ ಯಾರ ಬಿಗಿದ್ರಂತ ಒದರಿದ. ತಮ್ಮನೂ ಬಿಗಿದಿದ್ದು ಅವಗೇನ ಗೊತ್ತು?"

ರೀಲು ಮುಗಿಯಿತು. ಡಬ್ಬಿ ಬದಲಿಸಲು ರಾಮಲಿಂಗ ದೀಪ ಹಾಕಿದ. ಎಲ್ಲರೂ ಹಿಂದೆ ತಿರುಗಿದರು. ಸೈಫುದ್ದೀನ ಎದ್ದು ನಿಂತಿದ್ದ. ಎಡಗಣ್ಣಿನ ಕೆಳಗಿನ ಗಾಯದ ಗೆರೆ ಅಲ್ಲಿಂದಲೇ ಕಾಣುತ್ತಿತ್ತು. ಗಡ್ಡ ಬೆಳ್ಳಗಾಗಿತ್ತು. ಅಣ್ಣನ ಗಡ್ಡ ಬೆಳ್ಳಗಾದದ್ದು ಕೂಡ ಹುಸೇನಸಾಬನಿಗೆ ತಿಳಿದಿರಲಿಲ್ಲ. ರಾಮಲಿಂಗ ದೀಪ ಆರಿಸಿದ.

ಏಳನೆಯ ರೀಲು. ಕಾರುಗಳು ಬಂದು ನಿಂತವು. ಬಿಳಿ ಕೋಟು, ಕರಿ ಟೊಪ್ಪಿಗೆ, ದಪ್ಪನೆಯವನು, ಎಲ್ಲರೂ ಇಳಿದರು. ಮೈಮೇಲೆ ಒಂದು ಗಾಯವಿಲ್ಲ, ಕೋಟಿನ ಮೇಲೆ ಒಂದು ಕಲೆಯಿಲ್ಲ. ನಕ್ಕರು, ಕೈ ಕುಲುಕಿದರು, ಅಪ್ಪಿಕೊಂಡರು.

"ಎಲ್ಲಾರೂ ಸತ್ತಿದ್ರಲ್ಲೋ!" ಅಂದಳು ಹುಚ್ಚವ್ವ. "ಇದೇನಿದು?"

ಹುಸೇನಸಾಬ ತೋಳಿನಿಂದ ಕಣ್ಣೊರೆಸಿಕೊಂಡು ಮೈಕು ಹಿಡಿದ.

"ರಾಜಿ ಆದ್ರಬೇ" ಅಂದ. "ಸತ್ತ ಮ್ಯಾಲೆ ಆದ್ರು. ಬದಕಿದ್ದಾಗ ಆಗಲಿಲ್ಲ ನೋಡು."

ಹುಚ್ಚವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಂಥ ಸಿನೆಮಾ ಮತ್ತೆ ಬರಲಿಲ್ಲ ಎಂದು ಬಬಲೇಶ್ವರದವರು ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದರು. ವಿಲಾಯತಿಯಲ್ಲೂ ಪಿಂಜಾರರಿದ್ದಾರೆಂದು ಆ ಊರಿನ ಕೆಲವರು ಇವತ್ತಿಗೂ ನಂಬಿದ್ದಾರೆ. ನಿಜವಾಗಿ ಆ ಹದಿನಾಲ್ಕು ಮಂದಿ ಯಾಕೆ ಬಡಿದಾಡಿದರೆಂಬುದು ಹುಸೇನಸಾಬನಿಗೆ ಸಾಯುವತನಕ ತಿಳಿಯಲಿಲ್ಲ.

ಜನ ಕರಗಿದ ಮೇಲೆ ಸೈಫುದ್ದೀನ ಸ್ಟೂಲಿನ ಹತ್ತಿರ ಬಂದ. ಹುಸೇನಸಾಬ ಮೈಕಿನ ವೈರು ಸುತ್ತುತ್ತ ತಲೆ ತಗ್ಗಿಸಿಯೇ ಕೂತಿದ್ದ.

"ಮೊನ್ನೆ ನಿಮ್ಮ ಅತ್ತಿಗಿ ನೀರ ಇಟ್ಟಿದ್ಳು. ಕುಡೀಲಿಲ್ಲಂತ?"

"ಆಡಿಗೆ ಇಟ್ಟಾಳಂತ ತಿಳದೆ ಅಣ್ಣಾ."

"ಆಡಿಗೆ ಯಾರರ ತಂಬಿಗ್ಯಾಗ ನೀರ ಇಡತಾರಲೇ? ನೀ ಹೋದಾಗಿಂದ ಅಕಿ ನನ್ನ ಜೀಂವ ತಿನ್ನಾಕತ್ತಾಳ, ಅದಕ್ಕ ಬಂದೆ." ವೈರಿನ ಇನ್ನೊಂದು ತುದಿ ಎತ್ತಿಕೊಟ್ಟು ಕೇಳಿದ, "ಸಬೀರಾನ ನಿಕಾಹ ಯಾವತ್ತು?"

"ಬರೂ ಶುಕ್ರವಾರ."

"ಅಪ್ಪನ ಹಿಡಿ ಐತೇನು?"

"ಐತಿ. ಒಂದು ದಿನಾನೂ ಬಳಸಿಲ್ಲ, ಬ್ಯಾರೆ ಮಾಡಿಸೇನಿ."

"ನನ್ನ ಹೊಸಾ ಹಿಡಿ ಕೈಗೆ ಬರವಲ್ದು. ಹತ್ತು ವರ್ಷ ಆತು" ಅಂದ ಸೈಫುದ್ದೀನ.

ನಿಕಾಹದ ಹಿಂದಿನ ದಿನ, ಗುರುವಾರ ಬೆಳಗ್ಗೆ, ಬಬಲೇಶ್ವರದ ಕಡೆಯಿಂದ ತಿಕೋಟಾಕ್ಕೆ ಬಂದ ಬಸ್ಸಿನ ಮೇಲಿಂದ ಒಂದು ಬಿಲ್ಲು ಇಳಿಯಿತು. ಹಿಂದೆ ರಹಿಮಾಬಿ ಇಳಿದಳು, ಅವಳ ಹಿಂದೆ ಸೈಫುದ್ದೀನ. ಸಬೀರಾ ಮನೆಯ ಬಾಗಿಲಲ್ಲೇ ನಿಂತಿದ್ದಳು. ದೊಡ್ಡಪ್ಪನನ್ನು ಕಂಡವಳೇ ಬಿಲ್ಲು ಇಸಿದುಕೊಂಡು ಒಳಗೆ ಓಡಿದಳು.

ಪಡಸಾಲೆಯಲ್ಲಿ ಅರಳೆ ಹರಡಿದ್ದರು. ಡಬ್ಬಿ ಒರೆಸಿದ ನೀಲಿ ಖಡುವಿನ ಗುರುತು ಒಂದೆರಡು ಎಳೆಗಳಲ್ಲಿ ಇನ್ನೂ ಇತ್ತು. ಬಿಲ್ಲು ತೂಗುಬಿಟ್ಟು ಹೊಸ ತಂತಿ ಕಟ್ಟಿದರು. ತಂತಿ ಸಡಿಲಿತ್ತು.

"ಬಿಗಿ" ಅಂದ ಸೈಫುದ್ದೀನ.

"ನಾ ಒಲ್ಲೆ. ನೀ ಬಿಗಿಯಣ್ಣಾ."

"ನಾನೂ ಒಲ್ಲೆ."

ಇಬ್ಬರೂ ಕೈ ಮಡಿಲಲ್ಲಿಟ್ಟುಕೊಂಡು ತಂತಿ ನೋಡುತ್ತ ಕೂತರು. ಮಾಬುಬಿ, ರಹಿಮಾಬಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕಾದರು. ಚಹಾ ಆರಿತು. ಕೊನೆಗೆ ಸಬೀರಾ ಬಂದಳು.

"ಸರೀರಿ ಇಬ್ಬರೂ. ಸಂಜಿ ಮಟಾ ಹಿಂಗ ಕೂಡತೀರೇನು?" ಎಂದು ಮದರಂಗಿಯ ಕೈಯಿಂದಲೇ ಗಂಟು ಬಿಚ್ಚಿ, ಎಲ್ಲರೂ ನೋಡುವಂತೆ, ಒಂದೇ ಒಂದು ಸುತ್ತು ಬಿಗಿದಳು.

ಸೈಫುದ್ದೀನ ಬಿಸ್ಮಿಲ್ಲಾ ಅಂದು ಅಪ್ಪನ ಹಿಡಿ ಎತ್ತಿದ. ಹುಸೇನಸಾಬ ಸರ್ರನೆ ಮುಂದೆ ಸರಿದು ತನ್ನ ಅಂಗೈಯನ್ನು ಅಣ್ಣನ ಎಡಗಣ್ಣಿಗೆ ಅಡ್ಡ ಹಿಡಿದ. ಏಟು ಬಿತ್ತು. ತಂತಿ ಝೇಂ ಅಂದಿತು, ಹರಿಯಲಿಲ್ಲ. ಎರಡನೆಯ ಏಟು ಬಿತ್ತು, ಮೂರನೆಯದೂ ಬಿತ್ತು. ಅರಳೆ ಎದ್ದು ಅಣ್ಣನ ಗಡ್ಡದ ಮೇಲೂ ತಮ್ಮನ ತೋಳಿನ ಮೇಲೂ ಕೂತಿತು.

"ಇನ್ನ ಕೈ ತಗಿಯಲೇ ಹುಸೇನ್ಯಾ" ಅಂದ ಸೈಫುದ್ದೀನ, "ನಂಗೇನೂ ಕಾಣವಲ್ದು."

ಹುಸೇನಸಾಬ ಕೈ ತೆಗೆಯಲಿಲ್ಲ.